ಬೇಯುತ್ತಿರುವ ಸಾಫ್ಟ್‌ವೇರನ್ನು ಬಡಿಸುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅಲ್ಲಿಂದೀಚೆಗೆ ನನಗೆ ಬರುವ ಫೋನು ಜಾಸ್ತಿಯಾಗಿದೆ. ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11 ಹತ್ತುವುದಿಲ್ಲ, ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿದರೆ ಹೊಸದೇ ತಗೊಳ್ಳಿ ಅಂತಾರೆ, ನೀನು ಲಿನಕ್ಸ್ ಹಾಕಿಕೊಡ್ತೀಯಂತಲ್ಲ ಅಂತ ಮಾತು ಶುರುವಾಗುತ್ತದೆ. ಹಾಕಿಕೊಡುತ್ತೇನೆ. ಲಿನಕ್ಸ್ ಅಂದರೆ ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್, ಅದರ ಒಂದೊಂದು ರೂಪಕ್ಕೆ ಡಿಸ್ಟ್ರೋ ಅನ್ನುತ್ತಾರೆ. ಹೆಚ್ಚಾಗಿ ಮಿಂಟ್ ಅನ್ನುವ ಡಿಸ್ಟ್ರೋ, ಕೆಲವರಿಗೆ ಉಬುಂಟು. ಒಂದು ಗಂಟೆಯ ಕೆಲಸ. ಮೊದಲ ವಾರ ಎಲ್ಲರೂ ಖುಷಿಯಾಗಿರುತ್ತಾರೆ. ಎರಡನೇ ವಾರ ಮತ್ತೆ ಫೋನು. "ವಿಡಿಯೋದಲ್ಲಿ ತೋರಿಸ್ತಾರಲ್ಲ ಆ ಹೊಸ ವರ್ಶನ್, ಅದು ನನ್ನ ಹತ್ರ ಯಾಕಿಲ್ಲ?"

ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕಾದರೆ, ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ಬರೆದವರ ಕೈಯಿಂದ ಬಳಸುವವರ ಕೈಗೆ ಹೇಗೆ ಬರುತ್ತದೆ ಅನ್ನುವುದನ್ನೇ ಹೇಳಬೇಕಾಗುತ್ತದೆ. ಬರೆಯುವವರು ಒಬ್ಬರು. ಅದನ್ನು ಕಟ್ಟಿ, ಇನ್‌ಸ್ಟಾಲ್ ಮಾಡಲು ಸಿದ್ಧವಾದ ಪ್ಯಾಕೇಜ್ ಮಾಡಿ, ಡಿಸ್ಟ್ರೋದ ರೆಪೋದಲ್ಲಿ, ಅಂದರೆ ಅದರ ಸಾಫ್ಟ್‌ವೇರ್ ಉಗ್ರಾಣದಲ್ಲಿ, ಇಡುವವರು ಇನ್ನೊಬ್ಬರು. ಇವರಿಬ್ಬರೂ ಒಂದೇ ಊರಿನವರಾಗಿರಬೇಕಿಲ್ಲ, ಒಬ್ಬರಿಗೊಬ್ಬರು ಪರಿಚಯ ಇರಬೇಕಿಲ್ಲ. ಡಿಸ್ಟ್ರೋ ಒಂದು ದಿನ ಎಲ್ಲ ಪ್ಯಾಕೇಜುಗಳ ವರ್ಶನ್ನನ್ನೂ ನಿಲ್ಲಿಸಿಬಿಡುತ್ತದೆ. ಆಮೇಲೆ ಭದ್ರತೆಯ ತೇಪೆಗಳು ಮತ್ತು ದೊಡ್ಡ ತಪ್ಪುಗಳ ತಿದ್ದುಪಡಿ ಮಾತ್ರ. ಇದಕ್ಕೇ ಸ್ಟೇಬಲ್ ಅನ್ನುವುದು. ಬಗ್ ಇಲ್ಲದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಸ್ಟೇಬಲ್ ಅಂದರೆ ಬದಲಾಗದ್ದು ಅಂತ ಅಷ್ಟೇ. ಇದ್ದ ಬಗ್ ಕೂಡ ಬದಲಾಗದೆ ಹಾಗೇ ಉಳಿಯುತ್ತದೆ.

ಚಿತ್ರ ತಿದ್ದುವ ಗಿಂಪ್ ಅನ್ನುವ ಸಾಫ್ಟ್‌ವೇರ್ ನೋಡಿ. 2.10 ಬಂದದ್ದು 2018ರ ಏಪ್ರಿಲ್‌ನಲ್ಲಿ. ಮುಂದಿನ 3.0ಕ್ಕಾಗಿ 2.99 ಅನ್ನುವ ಹೆಸರಿನಲ್ಲಿ ಪರೀಕ್ಷೆಯ ಬಿಡುಗಡೆಗಳು 2020ರ ನವೆಂಬರ್‌ನಿಂದಲೇ ಶುರುವಾದವು. ಆದರೆ 3.0 ನಿಜವಾಗಿ ಬಂದದ್ದು 2025ರ ಮಾರ್ಚ್‌ನಲ್ಲಿ. ನಾಲ್ಕು ವರ್ಷಕ್ಕೂ ಮೇಲೆ. ಉಬುಂಟು 24.04 ಅದಕ್ಕೂ 11 ತಿಂಗಳು ಮೊದಲೇ ಬಂದಿತ್ತು, ಹಾಗಾಗಿ ಅದರ ರೆಪೋದಲ್ಲಿ ಇಂದಿಗೂ 2.10. ಐದು ವರ್ಷದ ಬೆಂಬಲ ಮುಗಿಯುವವರೆಗೂ ಅದೇ. ಡೆಬಿಯನ್ ಅನ್ನುವ ಇನ್ನೊಂದು ಡಿಸ್ಟ್ರೋದಲ್ಲಿ 12ರವರಿಗೆ 2.10, 2025ರ ಆಗಸ್ಟ್‌ನಲ್ಲಿ ಬಂದ 13ರವರಿಗೆ 3.0. ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ, ಇಬ್ಬರ ಹತ್ತಿರ ಏಳು ವರ್ಷ ಅಂತರದಲ್ಲಿ ಶುರುವಾದ ಎರಡು ಸರಣಿಯ ಗಿಂಪ್ ಇರಬಹುದು, ಇಬ್ಬರೂ ಡಿಸ್ಟ್ರೋ ಹೇಳಿದ್ದನ್ನೇ ಪಾಲಿಸಿದ್ದಾರೆ.

ಸರ್ವರ್ ನಡೆಸುವವರಿಗೆ ಇದು ಒಳ್ಳೆಯದು. ಆಫೀಸಿನಲ್ಲಿ ನೂರು ಕಂಪ್ಯೂಟರ್ ನೋಡಿಕೊಳ್ಳುವವರಿಗೂ ಒಳ್ಳೆಯದೇ. ಆದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೆ? ಇಲ್ಲಿ ನನಗೆ ಬೇರೆ ಅಭಿಪ್ರಾಯ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಅಂತ ಒಂದು ಮುಕ್ತ ಸಾಫ್ಟ್‌ವೇರ್ ಇದೆ. ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ ಎಲ್ಲಕ್ಕೂ ಆಗುತ್ತದೆ. ಅದರ 1.4 ಸ್ಟೇಬಲ್ ಸರಣಿ 2012ರ ಜನವರಿಯಲ್ಲಿ ಬಂತು. ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತಿರಲಿಲ್ಲ. ಯೂನಿಕೋಡ್ ಅಕ್ಷರ ಹಾಕಿದರೆ ಒತ್ತಕ್ಷರ ಕೆಳಗೆ ಇಳಿಯುತ್ತಿರಲಿಲ್ಲ, ಅಕ್ಷರ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತಿತ್ತು. ಹಾರ್ಫ್‌ಬಜ್ ಅನ್ನುವ ಲೈಬ್ರರಿ (ಬೇರೆ ಸಾಫ್ಟ್‌ವೇರ್‌ಗಳು ಬಳಸಿಕೊಳ್ಳುವ ಕೋಡಿನ ಭಾಗ) ಬಳಸಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಹೊಸ ವ್ಯವಸ್ಥೆ ಬಂದದ್ದು 1.5.3ರಲ್ಲಿ, 2017ರಲ್ಲಿ. ಆದರೆ 1.5 ಅನ್ನುವುದು ಪೂರ್ತಿ ಸರಣಿಯೇ ಅಭಿವೃದ್ಧಿಯ ಹಂತದ್ದು, ಪರೀಕ್ಷೆಗೆ ಅಂತ ಬಿಟ್ಟದ್ದು, ಬೀಟಾ ಅನ್ನುತ್ತಾರಲ್ಲ ಅಂಥದ್ದು. ಸ್ಟೇಬಲ್ ಅಂತ ಕರೆಸಿಕೊಂಡ 1.6.0 ಬಂದದ್ದು 2024ರ ಜನವರಿ 1ರಂದು. ಲೆಕ್ಕ ಹಾಕಿ. ಆರೂವರೆ ವರ್ಷ. ಅಷ್ಟು ದಿನ ಇಂಗ್ಲಿಷಿನವರಿಗೆ ಎರಡು ಆಯ್ಕೆ ಇತ್ತು: ಹಳೆಯದು ಗಟ್ಟಿ, ಹೊಸದು ಹಸಿ. ನಮಗೆ ಇದ್ದದ್ದು ಒಂದೇ. ಹಸಿಯದ್ದನ್ನು ಬಳಸಿ, ಇಲ್ಲವೇ ನುಡಿಯ ಹಳೆಯ ಫಾಂಟು ಹಾಕಿಕೊಂಡು ಪೇಜ್‌ಮೇಕರ್‌ನಲ್ಲೇ ಇರಿ.

ಅದಕ್ಕೇ "ಸಾಮಾನ್ಯ ಜನ ಬೀಟಾ ಮುಟ್ಟಬಾರದು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮುಟ್ಟದೇ ಇದ್ದರೆ ಇನ್ನೊಂದು ನಷ್ಟವೂ ಇದೆ. ಅಭಿವೃದ್ಧಿಯ ಹಂತದಲ್ಲಿ ಪರೀಕ್ಷಿಸುವವರು ಹೆಚ್ಚಾಗಿ ಇಂಗ್ಲಿಷ್, ಜರ್ಮನ್, ಫ್ರೆಂಚ್‌ನಲ್ಲಿ ಟೈಪ್ ಮಾಡುವವರು. 'ಲಕ್ಷ್ಮಿ'ಯ ಎರಡು ಒತ್ತು ಒಂದರ ಮೇಲೊಂದು ಬಿದ್ದದ್ದು ಅವರಿಗೆ ಕಾಣುವುದಿಲ್ಲ. 'ಸೂರ್ಯ'ದ ಅರ್ಕಾವೊತ್ತು ಸಾಲಿನ ಕೊನೆಯಲ್ಲಿ ಕಳಚಿ ಮುಂದಿನ ಸಾಲಿಗೆ ಹೋದದ್ದು ಕಾಣುವುದಿಲ್ಲ. 'ರ‍್ಯಾಂಕ್' ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ತಪ್ಪು ಅವರದಲ್ಲ. ಆದರೆ ಆ ಬಗ್ ಯಾರ ಕಣ್ಣಿಗೂ ಬೀಳದೆ ಸ್ಟೇಬಲ್‌ಗೆ ದಾಟುತ್ತದೆ, ಅದೇ ತಿಂಗಳು ಯಾವುದೋ ದೊಡ್ಡ ಡಿಸ್ಟ್ರೋ ವರ್ಶನ್ ನಿಲ್ಲಿಸಿದರೆ ಮುಗಿಯಿತು, ಐದು ವರ್ಷ ನಮ್ಮ ಒತ್ತಕ್ಷರ ಹಾಗೇ ಮುರಿದುಕೊಂಡು ಕೂತಿರುತ್ತದೆ.

ಹಾಗಾದರೆ ಎಲ್ಲರಿಗೂ ಬೀಟಾ ಹಾಕಿಕೊಟ್ಟುಬಿಡೋಣವಾ? ಒಂದು ಸಲ ಹಾಗೆ ಮಾಡಿದ್ದೇನೆ. ಅದನ್ನೂ ಹೇಳಬೇಕು.

ಕೆಲವು ವರ್ಷದ ಹಿಂದಿನ ಮಾತು. ಚಾಮರಾಜಪೇಟೆಯಲ್ಲಿ ಪರಿಚಯದ ಒಂದು ಸಣ್ಣ ಪ್ರೆಸ್ಸು. ಯಜಮಾನರಿಗೆ ಅರವತ್ತು ದಾಟಿದೆ, ಮೊಳೆ ಜೋಡಿಸುವ ಕಾಲದಿಂದ ಕೆಲಸದಲ್ಲಿರುವವರು. ಮುಖಪುಟ ಬರೆಯಲು ಒಂದು ಚಿತ್ರದ ಸಾಫ್ಟ್‌ವೇರ್ ಬಳಸುತ್ತಿದ್ದರು. ಅದರ ಮುಂದಿನ ವರ್ಶನ್ನಿನಲ್ಲಿ ಕನ್ನಡ ಅಕ್ಷರವನ್ನು ಬಾಗಿಸಿ ಕೂರಿಸುವುದು ಸುಲಭವಾಗಿತ್ತು. ಯಾರೋ ಒಬ್ಬರು ತಮ್ಮ ಸ್ವಂತ ರೆಪೋದಲ್ಲಿ ಅದನ್ನು ದಿನಾ ಕಟ್ಟಿ ಹಾಕುತ್ತಿದ್ದರು. ಟರ್ಮಿನಲ್ ಅನ್ನುವ, ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ ಮೂರು ಸಾಲು ಹೊಡೆದೆ, ಬಂತು, ಅವರಿಗೆ ತುಂಬಾ ಖುಷಿಯಾಯಿತು, ಕಾಫಿ ಕುಡಿದು ಮನೆಗೆ ಬಂದೆ. ಅಕ್ಟೋಬರ್ ಕೊನೆಯಲ್ಲಿ, ರಾಜ್ಯೋತ್ಸವದ ಸ್ಮರಣ ಸಂಚಿಕೆಗಳ ಕೆಲಸ ತಲೆಯ ಮೇಲೆ ಕೂತಿರುವ ಹೊತ್ತಿಗೆ ಫೋನ್ ಬಂತು.

"ನಾನೇನೂ ಮುಟ್ಟಿಲ್ಲಪ್ಪ. ಬೆಳಿಗ್ಗೆ ಆನ್ ಮಾಡಿದೆ, ಅಪ್‌ಡೇಟ್ ಇದೆ ಅಂತು, ಸರಿ ಅಂದೆ. ಈಗ ಫೈಲ್ ತೆರೆಯೋದೇ ಇಲ್ಲ."

ಬರೆಯುವವರು ಫೈಲಿನ ಒಳಗಿನ ರಚನೆಯನ್ನು ನಡುವೆ ಬದಲಿಸಿದ್ದರು. ಅಭಿವೃದ್ಧಿಯಲ್ಲಿ ಅದು ಸಹಜ. ಹೊಸದನ್ನು ತೆಗೆದು ಹಳೆಯ ಸ್ಟೇಬಲ್ ಹಾಕಿದೆ, ಅದಂತೂ ಆ ಫೈಲನ್ನು ಗುರುತೇ ಹಿಡಿಯಲಿಲ್ಲ. ಸೆಟ್ಟಿಂಗ್ ಫೋಲ್ಡರನ್ನೂ ಹೊಸದು ತನ್ನಂತೆ ತಿದ್ದಿಕೊಂಡಿತ್ತು, ಹಳೆಯದು ಏಳಲು ಅದನ್ನು ಅಳಿಸಬೇಕಾಯಿತು. ರಾತ್ರಿ ಕೂತು ಇಬ್ಬರೂ ಮುಖಪುಟವನ್ನು ಮೊದಲಿನಿಂದ ಮಾಡಿದೆವು. ರೆಪೋದವರು ಪರೀಕ್ಷೆಗೆ ಮಾತ್ರ ಅಂತ ಬರೆದೇ ಇದ್ದರು. ಯಜಮಾನರು ಅಪ್‌ಡೇಟ್ ಒಪ್ಪಿಕೊಂಡದ್ದು ಸರಿಯಾದ ಕೆಲಸವೇ, ನಾನೇ ಅವರಿಗೆ ಹಾಗೆ ಹೇಳಿಕೊಟ್ಟಿದ್ದೆ. ನಡುವೆ ಇದ್ದವನು ನಾನು, ಅಪಾಯ ಗೊತ್ತಿದ್ದೂ ಹೇಳಿರಲಿಲ್ಲ. ಆವತ್ತಿನಿಂದ ನನಗೆ ಒಂದೇ ಯೋಚನೆ: ನಡುವಿನವನು ಹೇಳಲು ಮರೆತರೂ ಬಳಸುವವರಿಗೆ ಪೆಟ್ಟು ಬೀಳದ ಹಾಗೆ ಪ್ಯಾಕೇಜನ್ನೇ ಕಟ್ಟಲು ಆಗುವುದಿಲ್ಲವಾ?

ಆಗುತ್ತದೆ. ಕೆಲವರು ಮಾಡಿ ತೋರಿಸಿದ್ದಾರೆ.

ಮೊದಲನೆಯದು, ಹೊಸದು ಹಳೆಯದರ ಜಾಗಕ್ಕೆ ಬರಬಾರದು, ಪಕ್ಕದಲ್ಲಿ ಕೂರಬೇಕು. ಹೆಸರು ಬೇರೆ, ಐಕಾನ್ ಬೇರೆ, ಸೆಟ್ಟಿಂಗ್ ಫೋಲ್ಡರ್ ಬೇರೆ. ಫೈರ್‌ಫಾಕ್ಸ್ 2019ರ ಮೇ ತಿಂಗಳಲ್ಲಿ, 67ನೇ ವರ್ಶನ್ನಿನಿಂದ, ಪ್ರತಿ ಇನ್‌ಸ್ಟಾಲಿಗೂ ಪ್ರತ್ಯೇಕ ಪ್ರೊಫೈಲ್, ಅಂದರೆ ಬಳಸುವವರ ಮಾಹಿತಿ ಇಡುವ ಫೋಲ್ಡರ್, ಕೊಡಲು ಶುರು ಮಾಡಿತು. ನೈಟ್ಲಿ ಅನ್ನುವ ಅದರ ದಿನದ ಪರೀಕ್ಷೆಯ ವರ್ಶನ್ ಹಾಕಿಕೊಂಡರೂ ನಿಮ್ಮ ಮಾಮೂಲಿ ಫೈರ್‌ಫಾಕ್ಸಿನ ಬುಕ್‌ಮಾರ್ಕು, ಪಾಸ್‌ವರ್ಡುಗಳನ್ನು ಅದು ಮುಟ್ಟುವುದಿಲ್ಲ. ಹೊಸದು ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ತಡೆದು ಎಚ್ಚರಿಸುವುದೂ ಅದೇ ವರ್ಶನ್ನಿನಲ್ಲಿ ಬಂತು. ಲಿನಕ್ಸ್‌ನ ಡೆಸ್ಕ್‌ಟಾಪ್ ಮಾಡುವ ಗ್ನೋಮ್‌ನವರು ತಮ್ಮ ದಿನದ ಬಿಲ್ಡುಗಳಿಗೆ, ಅಂದರೆ ಆಯಾ ದಿನ ಕಟ್ಟಿದ ವರ್ಶನ್ನುಗಳಿಗೆ, ಬೇರೆಯೇ ಗುರುತು ಕೊಡುತ್ತಾರೆ, ಕಿಟಕಿಯ ಮೇಲ್ಪಟ್ಟಿಯಲ್ಲಿ ರಸ್ತೆ ಕೆಲಸದ ಹಲಗೆಯ ಹಾಗೆ ಓರೆ ಪಟ್ಟೆ ಇರುತ್ತದೆ. ಇದು ತೋರಿಕೆಯ ವಿಷಯ ಅಂತ ಅನ್ನಿಸಬಹುದು. ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಪ್ರೆಸ್ಸಿನ ಯಜಮಾನರು ಯಾವ ವೆಬ್‌ಸೈಟಿನ ಎಚ್ಚರಿಕೆಯನ್ನೂ ಓದುವುದಿಲ್ಲ, ಆದರೆ ಆ ಪಟ್ಟೆಯನ್ನು ದಿನಾ ನೋಡುತ್ತಾರೆ.

ಎರಡನೆಯದು ವರ್ಶನ್ ಸಂಖ್ಯೆ. ಪ್ಯಾಕೇಜ್ ಕಟ್ಟುವವರ ಲೋಕದ ಹೊರಗೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಅಪ್‌ಡೇಟ್ ಬರಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಸಂಖ್ಯೆಗಳ ಹೋಲಿಕೆ. 3.0ಕ್ಕೆ ಮೊದಲು ಬಂದ ಪರೀಕ್ಷೆಯ ಬಿಡುಗಡೆಗೆ ಪ್ಯಾಕೇಜ್ ಮಾಡುವವರು 3.0ಆರ್‌ಸಿ1 (ಆರ್‌ಸಿ ಅಂದರೆ ಬಿಡುಗಡೆಗೆ ಹತ್ತಿರವಾದ ಕರಡು) ಅಂತ ಬರೆದರೆ, ಅದು 3.0ಗಿಂತ ದೊಡ್ಡದು ಅಂತ ಕಂಪ್ಯೂಟರ್ ತಿಳಿಯುತ್ತದೆ. ಮುಂದೆ ನಿಜವಾದ 3.0 ಬಂದರೂ ಬಳಸುವವರಿಗೆ ಅಪ್‌ಡೇಟ್ ಬರುವುದಿಲ್ಲ, ಅವರು ಹಸಿಯದ್ದರಲ್ಲೇ ಉಳಿದುಬಿಡುತ್ತಾರೆ. ಅದಕ್ಕೆ ಒಂದು ಅಲೆಯ ಗುರುತು ಇದೆ, 3.0~ಆರ್‌ಸಿ1 ಅಂತ ಬರೆಯಬೇಕು. ಆ ಗುರುತು ಇದ್ದರೆ ಅದು 3.0ಗಿಂತ ಚಿಕ್ಕದಾಗುತ್ತದೆ, ಸ್ಟೇಬಲ್ ಬಂದ ದಿನ ಬಳಸುವವರು ತಾವಾಗಿಯೇ ಅದಕ್ಕೆ ಬಂದು ಸೇರುತ್ತಾರೆ. ಒಂದೇ ಒಂದು ಗುರುತು. ಇದನ್ನು ಮರೆತ ರೆಪೋಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಮೂರನೆಯದು ವಾಪಸ್ ಬರುವ ದಾರಿ. ಇದು ಲಿನಕ್ಸ್‌ನಲ್ಲಿ ಬಹಳ ವರ್ಷದಿಂದ ಸೊರಗಿರುವ ಭಾಗ. ಡೆಬಿಯನ್ ಕುಟುಂಬದಲ್ಲಿ ಹೊಸ ವರ್ಶನ್ನಿನಿಂದ ಹಳೆಯದಕ್ಕೆ ಇಳಿಯುವುದಕ್ಕೆ ಅಧಿಕೃತ ಬೆಂಬಲವೇ ಇಲ್ಲ. ಉಬುಂಟುವಿನ ಪಿಪಿಎಗಳನ್ನು, ಅಂದರೆ ಯಾರು ಬೇಕಾದರೂ ಇಡಬಹುದಾದ ಸ್ವಂತ ರೆಪೋಗಳನ್ನು, ತೆಗೆದು ಮೂಲಕ್ಕೆ ಮರಳಲು ಪಿಪಿಎ-ಪರ್ಜ್ ಅನ್ನುವ ಒಂದು ಸಾಧನ ಇದೆ, ಆದರೆ ಅದು ಇದೆ ಅಂತ ಗೊತ್ತಿರಬೇಕಲ್ಲ. ಉಬುಂಟುವನ್ನೇ ಮುಂದಿನ ಬಿಡುಗಡೆಗೆ ಏರಿಸಿದಾಗ ಹೊರಗಿನ ರೆಪೋಗಳೆಲ್ಲ ಬಂದ್ ಆಗುತ್ತವೆ, ಅಲ್ಲಿಂದ ಬಂದ ಪ್ಯಾಕೇಜುಗಳು ಮಾತ್ರ ದಿಕ್ಕಿಲ್ಲದೆ ಸಿಸ್ಟಮ್ಮಿನಲ್ಲಿ ಉಳಿಯುತ್ತವೆ. ಈ ವಿಷಯದಲ್ಲಿ ಉಬುಂಟುವಿನವರ ಪ್ಯಾಕೇಜ್ ಪದ್ಧತಿ ಸ್ನ್ಯಾಪ್ ಮಾಡಿದ್ದು ಒಳ್ಳೆಯ ಕೆಲಸ. ಸ್ಟೇಬಲ್, ಕ್ಯಾಂಡಿಡೇಟ್, ಬೀಟಾ, ಎಡ್ಜ್ ಅಂತ ನಾಲ್ಕು ಹಂತ ಇದೆ, ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ಕೆಟ್ಟರೆ ಹಿಂದಿನದಕ್ಕೆ ಮರಳಬಹುದು, ಮರಳಿದಾಗ ಆ ವರ್ಶನ್ನಿನ ಜೊತೆ ಇಟ್ಟಿದ್ದ ಸೆಟ್ಟಿಂಗೂ ವಾಪಸ್ ಬರುತ್ತದೆ. ಸ್ನ್ಯಾಪ್ ಅಂಗಡಿಯ ಹಿಂದಿನ ಸಾಫ್ಟ್‌ವೇರ್ ಮುಕ್ತವಲ್ಲ, ಅದು ಉಬುಂಟು ಮಾಡುವ ಕಂಪನಿ ಕ್ಯಾನೊನಿಕಲ್ ಒಂದರ ಕೈಯಲ್ಲಿದೆ ಅನ್ನುವುದು ನನಗೂ ಬೇಸರದ ವಿಷಯವೇ. ಆದರೂ ಈ ನಾಲ್ಕು ಹಂತದ ಯೋಚನೆಯನ್ನು ಉಳಿದವರು ಕಲಿಯಬೇಕು.

ಬೇರೆ ಬೇರೆ ಡಿಸ್ಟ್ರೋಗಳಲ್ಲಿ ನಡೆಯುವ ಇನ್ನೊಂದು ಪ್ಯಾಕೇಜ್ ಪದ್ಧತಿ, ಫ್ಲಾಟ್‌ಪ್ಯಾಕ್‌ನ ಕಥೆ ಸ್ವಲ್ಪ ಬೇರೆ. ಅದರ ಅಂಗಡಿ ಫ್ಲಾಟ್‌ಹಬ್‌ನಲ್ಲಿ ಬೀಟಾಗಳಿಗೆ ಪ್ರತ್ಯೇಕ ರೆಪೋ ಇದೆ, ಗಿಂಪ್ 2.99 ಕೂಡ ಅಲ್ಲಿ ಸಿಗುತ್ತಿತ್ತು. ಡಿಸ್ಟ್ರೋ ಹಳೆಯದಿದ್ದರೂ ಸರಿ, ಆ್ಯಪ್‌ಗೆ ಬೇಕಾದ ಲೈಬ್ರರಿಗಳು ರನ್‌ಟೈಮ್ ಅನ್ನುವ ಕಟ್ಟಾಗಿ ಜೊತೆಗೇ ಬರುತ್ತವೆ, ಸಿಸ್ಟಮ್ಮಿನ ಒಳಗೆ ಏನೂ ಕೆಡುವುದಿಲ್ಲ. ಸಿಸ್ಟಮ್ಮಿನಲ್ಲಿರುವ ಕನ್ನಡ ಫಾಂಟುಗಳೂ ಆ್ಯಪ್‌ಗೆ ಕಾಣುತ್ತವೆ. ಆದರೆ ಸ್ಟೇಬಲ್ ಮತ್ತು ಬೀಟಾ ಎರಡನ್ನೂ ಹಾಕಿಕೊಂಡರೆ, ಆ್ಯಪ್‌ನ ಗುರುತು ಒಂದೇ ಆಗಿರುವುದರಿಂದ ಎರಡಕ್ಕೂ ಡೇಟಾ ಫೋಲ್ಡರ್ ಒಂದೇ, ಮೆನುವಿನಲ್ಲಿ ಬರುವುದೂ ಒಂದೇ. ನನ್ನ ಪ್ರೆಸ್ಸಿನ ಪ್ರಸಂಗದಲ್ಲಿ ಆದದ್ದು ಇಲ್ಲೂ ಆಗಬಹುದು. ಗಿಂಪ್ ತನ್ನ ಸೆಟ್ಟಿಂಗನ್ನು ವರ್ಶನ್ ಹೆಸರಿನ ಫೋಲ್ಡರಿನಲ್ಲಿ ಇಡುವುದರಿಂದ ಬಚಾವಾಯಿತು. ಎಲ್ಲರೂ ಹಾಗೆ ಇಡುವುದಿಲ್ಲ.

ಆ್ಯಪ್‌ಇಮೇಜ್ ಎಲ್ಲಕ್ಕಿಂತ ಸರಳ. ಒಂದೇ ಫೈಲು, ಇನ್‌ಸ್ಟಾಲ್ ಇಲ್ಲ, ಬೇಡವಾದರೆ ಅಳಿಸಿದರಾಯಿತು. ಸ್ಕ್ರೈಬಸ್ 1.5 ಹೀಗೂ ಬರುತ್ತಿತ್ತು, ನಾನು ಎಷ್ಟೋ ಜನರಿಗೆ ಪೆನ್‌ಡ್ರೈವಿನಲ್ಲೇ ಕೊಟ್ಟಿದ್ದೇನೆ. ಒಂದು ತೊಡಕು ಗಮನಿಸಿ: ಉಬುಂಟು 22.04ರಿಂದ ಈಚೆಗೆ ಹಳೆಯ ಫ್ಯೂಸ್ ಲೈಬ್ರರಿ ಮೊದಲೇ ಹಾಕಿರುವುದಿಲ್ಲ, ಅದನ್ನು ಬೇಡುವ ಆ್ಯಪ್‌ಇಮೇಜ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಕಾರಣವೂ ಕಾಣುವುದಿಲ್ಲ. ಹೊಸಬರು ಅಲ್ಲೇ ಕೈಬಿಡುತ್ತಾರೆ.

ಇಷ್ಟೆಲ್ಲ ತಾಂತ್ರಿಕ ಮಾತು. ಇದರ ಕೆಳಗೆ ಇರುವುದು ಮಾತ್ರ ಒಂದು ಸಾದಾ ಪ್ರಶ್ನೆ: ಕೆಟ್ಟಾಗ ಯಾರನ್ನು ಕೇಳುವುದು? ಎಕ್ಸ್‌ಸ್ಕ್ರೀನ್‌ಸೇವರ್ ಅನ್ನುವ ಸ್ಕ್ರೀನ್ ಸೇವರ್ ಬರೆದ ಜೇಮಿ ಜಾವಿನ್ಸ್ಕಿ 2016ರಲ್ಲಿ, ಡೆಬಿಯನ್‌ನಲ್ಲಿರುವ ಹಳೆಯ ವರ್ಶನ್ನಿನ ದೂರುಗಳು ತನಗೆ ಬರುತ್ತಿವೆ, ಅದನ್ನು ತೆಗೆದೇ ಬಿಡಿ ಅಂತ ಕೇಳಿದರು. ತಾನು ಯಾವತ್ತೋ ಸರಿಮಾಡಿದ ಬಗ್ ಬಗ್ಗೆ ದಿನಾ ಪತ್ರ ಬಂದರೆ ಯಾರಿಗಾದರೂ ರೇಗುತ್ತದೆ, ಅಲ್ವಾ? 2025ರ ಫೆಬ್ರುವರಿಯಲ್ಲಿ ಇದರದೇ ಇನ್ನೊಂದು ರೂಪ ನೋಡಿದೆವು. ವಿಡಿಯೋ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಒಬಿಎಸ್ ಸ್ಟುಡಿಯೋದವರು ತಮ್ಮದೇ ಫ್ಲಾಟ್‌ಪ್ಯಾಕನ್ನು ಫ್ಲಾಟ್‌ಹಬ್‌ನಲ್ಲಿ ಇಟ್ಟಿದ್ದರು. ಫೆಡೋರಾ ಅನ್ನುವ ಡಿಸ್ಟ್ರೋ ತನ್ನದೇ ಬೇರೆ ಫ್ಲಾಟ್‌ಪ್ಯಾಕ್ ಕಟ್ಟಿ ಅದನ್ನೇ ಮುಂದೆ ತೋರಿಸುತ್ತಿತ್ತು. ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಜನ ಬಂದು ಬೈಯುತ್ತಿದ್ದದ್ದು ಮಾತ್ರ ಒಬಿಎಸ್‌ನವರನ್ನು. ಕಾನೂನು ಕ್ರಮದ ಮಾತಿನವರೆಗೂ ಹೋಗಿ, ಆಮೇಲೆ ಕೂತು ಮಾತಾಡಿ ಬಗೆಹರಿಸಿಕೊಂಡರು.

ಅದರಲ್ಲಿ ಯಾರು ಸರಿ ಅನ್ನುವುದಕ್ಕಿಂತ, ಬಳಸುವವರಿಗೆ ಪ್ಯಾಕೇಜ್ ಯಾರದ್ದು ಅನ್ನುವುದೇ ಗೊತ್ತಾಗುತ್ತಿರಲಿಲ್ಲ ಅನ್ನುವುದು ನನ್ನ ಚಿಂತೆ. ಫ್ಲಾಟ್‌ಹಬ್ ಈಗ ಬರೆದವರೇ ಇಟ್ಟದ್ದಕ್ಕೆ ದೃಢೀಕರಣದ ಗುರುತು ಹಾಕುತ್ತದೆ. ಮಿಂಟ್ 22, ಅಂದರೆ 2024ರ ಜುಲೈಯಿಂದ, ಆ ಗುರುತಿಲ್ಲದವನ್ನು ಮೊದಲಿಗೆ ತೋರಿಸುವುದೇ ಇಲ್ಲ, ಬೇಕಾದರೆ ನಾವೇ ಆನ್ ಮಾಡಿಕೊಳ್ಳಬೇಕು. ಇದು ಸರಿಯಾದ ಹೆಜ್ಜೆ. 2025ರ ಜುಲೈಯಲ್ಲಿ ಆರ್ಚ್ ಅನ್ನುವ ಡಿಸ್ಟ್ರೋದ ಎಯುಆರ್‌ನಲ್ಲಿ, ಅಂದರೆ ಬಳಸುವವರೇ ಪ್ಯಾಕೇಜ್ ಇಡುವ ಜಾಗದಲ್ಲಿ, ಫೈರ್‌ಫಾಕ್ಸ್ ಮತ್ತು ಲಿಬ್ರೆವುಲ್ಫ್ ಬ್ರೌಸರುಗಳ ಹೆಸರು ಸೇರಿಸಿಕೊಂಡ ಪ್ಯಾಕೇಜುಗಳ ಒಳಗೆ ಕಂಪ್ಯೂಟರನ್ನು ದೂರದಿಂದ ಹಿಡಿತಕ್ಕೆ ತಗೊಳ್ಳುವ ಮಾಲ್‌ವೇರ್ ಸಿಕ್ಕಿತು. ಹೊರಗಿನ ಪಿಪಿಎ ಆಗಲಿ ಎಯುಆರ್ ಆಗಲಿ, ಹಾಕುವಾಗ ರೂಟ್ ಅಧಿಕಾರ, ಅಂದರೆ ಕಂಪ್ಯೂಟರಿನ ಪೂರ್ತಿ ಅಧಿಕಾರ, ಕೊಟ್ಟಿರುತ್ತೇವೆ, ಅದು ಸಿಸ್ಟಮ್ಮಿನ ಯಾವ ಭಾಗವನ್ನು ಬೇಕಾದರೂ ಬದಲಿಸಬಹುದು. ಪರಿಚಯ ಇಲ್ಲದವರ ಕೈಗೆ ಮನೆ ಬೀಗದ ಕೈ ಕೊಟ್ಟ ಹಾಗೆ.

ಇಲ್ಲಿ ಎಕ್ಸ್‌ಝೆಡ್ ಅನ್ನುವ, ಫೈಲ್ ಕುಗ್ಗಿಸುವ ಸಾಫ್ಟ್‌ವೇರಿನ ಪ್ರಕರಣದ ನೆನಪು ಬಂದೇ ಬರುತ್ತದೆ. 2024ರ ಮಾರ್ಚ್ 29ಕ್ಕೆ, 5.6.0 ಮತ್ತು 5.6.1 ಬಿಡುಗಡೆಗಳಲ್ಲಿ ಹಿಂಬಾಗಿಲು, ಅಂದರೆ ಹೊರಗಿನವರು ಒಳಗೆ ಬರಲು ಬಚ್ಚಿಟ್ಟ ದಾರಿ, ಇದೆ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಸಾಫ್ಟ್‌ವೇರ್ ಎಂಜಿನಿಯರ್ ಜಗತ್ತಿಗೆ ತಿಳಿಸಿದರು. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾಗಿದೆ ಅನ್ನುವುದನ್ನು ಬೆನ್ನು ಹತ್ತಿ ಹೋಗಿ ಕಂಡುಹಿಡಿದದ್ದು. ಅಷ್ಟು ಹೊತ್ತಿಗೆ ಅದು ಡೆಬಿಯನ್ನಿನ ಅನ್‌ಸ್ಟೇಬಲ್, ಫೆಡೋರಾ ರಾಹೈಡ್, ಓಪನ್‌ಸುಸೆ ಟಂಬಲ್‌ವೀಡ್‌ನಂಥ, ಹಸಿಯದ್ದು ಮೊದಲು ಬರುವ ಕಡೆ ಬಂದಿತ್ತು, ಡೆಬಿಯನ್ ಸ್ಟೇಬಲ್‌ಗೆ ಬಂದಿರಲಿಲ್ಲ. ಇದನ್ನು ತೋರಿಸಿ "ನೋಡಿ, ಹೊಸದು ಅಪಾಯ" ಅನ್ನುವವರಿದ್ದಾರೆ. ಅದು ಅರ್ಧ ನಿಜ. ಹಸಿಯದ್ದನ್ನು ದಿನಾ ಬಳಸಿ ಗಮನಿಸುವವರು ಒಬ್ಬರು ಇದ್ದದ್ದರಿಂದಲೇ ಅದು ಸ್ಟೇಬಲ್‌ಗೆ ದಾಟುವ ಮೊದಲು ಸಿಕ್ಕಿತು. ಪ್ಯಾಕೇಜ್ ಕಟ್ಟುವವರಿಗೂ ಇದರಲ್ಲಿ ಪಾಠ ಇದೆ: ಹಿಂಬಾಗಿಲನ್ನು ಎಬ್ಬಿಸುವ ತುಣುಕು ಗಿಟ್‌ನಲ್ಲಿ, ಅಂದರೆ ಎಲ್ಲರಿಗೂ ಕಾಣುವ ಕೋಡಿನ ಭಂಡಾರದಲ್ಲಿ, ಇರಲಿಲ್ಲ, ಬಿಡುಗಡೆಗೆ ಕಟ್ಟಿಟ್ಟ ಟಾರ್ ಫೈಲಿನಲ್ಲಿ ಮಾತ್ರ ಸೇರಿಸಿದ್ದರು. ಎರಡನ್ನೂ ಹೋಲಿಸಿ ನೋಡುವುದು ಅಭ್ಯಾಸವಾಗಬೇಕು.

ಇನ್ನು ನಮ್ಮ ಊರಿನ ವಿಷಯ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಟೇನರ್ ಕಟ್ಟಿ, ದಿನಾ ಹತ್ತು ಸಲ ತಾನಾಗಿಯೇ ಬಿಲ್ಡ್ ಆಗುವ ವ್ಯವಸ್ಥೆ ನಡೆಸಿ ಸಂಬಳ ತಗೊಳ್ಳುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಮುಕ್ತ ಸಾಫ್ಟ್‌ವೇರಿನ ಸಂಸ್ಥೆ ಫಾಸ್ ಯುನೈಟೆಡ್‌ನವರ ಇಂಡಿಯಾಫಾಸ್ ಸಮ್ಮೇಳನ ಇಲ್ಲೇ ನಡೆಯುತ್ತದೆ, ಪಕ್ಕದ ಕೊಚ್ಚಿಯಲ್ಲಿ 2023ರಲ್ಲಿ ಡೆಬಿಯನ್‌ನವರ ಸಮ್ಮೇಳನ ಡೆಬ್‌ಕಾನ್ಫ್ ಆಯಿತು. ಪ್ಯಾಕೇಜ್ ಕಟ್ಟುವ ಕೈಗಳಿಗೆ ಇಲ್ಲಿ ಕೊರತೆ ಇಲ್ಲ. ಇಲ್ಲದಿರುವುದು ಬೀಟಾದ ಮೇಲೆ ಕನ್ನಡ ಹಾಕಿ ನೋಡುವ ಕಣ್ಣು. ಅದು ಕೋಡ್ ಬರೆಯುವವರ ಹತ್ತಿರ ಸಿಗಲಾರದು. ದಿನಕ್ಕೆ ಎಂಟು ಗಂಟೆ ಕನ್ನಡ ಜೋಡಿಸುವವರ ಹತ್ತಿರ ಸಿಗುತ್ತದೆ, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ, ಡಿಟಿಪಿ ಸೆಂಟರುಗಳಲ್ಲಿ, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಮೇಷ್ಟ್ರುಗಳ ಹತ್ತಿರ. ಅವರಿಗೆ ಟರ್ಮಿನಲ್ ಬೇಡ. ಪಕ್ಕದಲ್ಲಿ ಕೂರುವ, ಹಳೆಯದನ್ನು ಮುಟ್ಟದ, ಅಳಿಸಿದರೆ ಪೂರ್ತಿ ಹೋಗುವ ಪ್ಯಾಕೇಜ್ ಬೇಕು, ಮತ್ತು ತಪ್ಪು ಕಂಡರೆ ಕನ್ನಡದಲ್ಲೇ ಹೇಳಿಕೊಳ್ಳಬಹುದಾದ ಒಬ್ಬ ಮನುಷ್ಯ ಬೇಕು.

ಪ್ರೆಸ್ಸಿನ ಯಜಮಾನರ ಕಂಪ್ಯೂಟರಿನಲ್ಲಿ ಈಗ ಕೆಲಸಕ್ಕೆ ಸ್ಟೇಬಲ್ ಇದೆ. ಡೆಸ್ಕ್‌ಟಾಪಿನಲ್ಲಿ 'ಪರೀಕ್ಷೆಗೆ' ಅಂತ ಒಂದು ಫೋಲ್ಡರ್, ಅದರಲ್ಲಿ ಹೊಸ ಆ್ಯಪ್‌ಇಮೇಜ್‌ಗಳು, ಜೊತೆಗೆ ಒಂದು ಪುಟದ ಫೈಲು. ಆ ಪುಟವನ್ನು ಅವರೇ ಬರೆದದ್ದು. ಸ್ತ್ರೀ, ಲಕ್ಷ್ಮಿ, ಸೂರ್ಯ, ರ‍್ಯಾಂಕ್, ಉತ್ಪ್ರೇಕ್ಷೆ, ಸಾಲಿನ ಕೊನೆಗೆ ಬೇಕಂತಲೇ ಉದ್ದ ಮಾಡಿದ ಪದಗಳು, ಕನ್ನಡ ಅಂಕಿಗಳು, ಒಂದು ವಚನ. ಮೂಲ ಫೈಲುಗಳನ್ನು ಅಲ್ಲಿಗೆ ತರುವುದಿಲ್ಲ, ಕಾಪಿ ಮಾತ್ರ. ನಾನು ತಿಂಗಳಿಗೊಮ್ಮೆ ಹೊಸದನ್ನು ತಂದು ಹಾಕುತ್ತೇನೆ, ಅವರು ಪುಟ ತೆರೆದು, ಪಿಡಿಎಫ್ ಮಾಡಿ, ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಡುತ್ತಾರೆ. ಹೋದ ಸಲ ಎರಡು ಸುತ್ತು ಇತ್ತು. ಒಂದನ್ನು ಸಾಫ್ಟ್‌ವೇರ್ ಬರೆದವರಿಗೆ ತಿಳಿಸಿದೆ, ಸರಿಹೋಗಿ ಬಂತು. ಇನ್ನೊಂದರ ಬಗ್ಗೆ, 'ಉತ್ಪ್ರೇಕ್ಷೆ' ಹೇಗೆ ಕಾಣಬೇಕು ಅಂತ ದೊಡ್ಡದಾಗಿ ಬರೆದು ಕಳಿಸಿ ಅಂತ ಕೇಳಿದ್ದಾರೆ. ಯಜಮಾನರು ಬ್ರಷ್ ತಗೊಂಡು ಕೂತಿದ್ದಾರೆ.